ನನ್ನ ಬೆನ್ನಿಗೆ ಅಂಟಿಸಿದ ಸುಳ್ಳು

ನಾನು ಒಂದು ಲ್ಯಾಪ್‌ಟಾಪ್. ಬರೀ ಲ್ಯಾಪ್‌ಟಾಪ್. ಆ ಹೆಸರಿನ ಮುಂದೆ ‘ಗೇಮಿಂಗ್’ ಎಂಬ ಶಬ್ದ ಸೇರಿಸಿ ಯಾರಾದರೂ ಕರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುತ್ತೇನೆ. ತಪ್ಪು ಯಾರದು ಎಂಬುದನ್ನು ಆಮೇಲೆ ನೀವೇ ತೀರ್ಮಾನಿಸಿ. ನನ್ನ ತೀರ್ಮಾನವಂತೂ ಆಗಿಹೋಗಿದೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅದೇ ದಿನ ಅಲ್ಲಿ ನನ್ನಂಥವರು ಸಾವಿರಾರು ಹುಟ್ಟಿದರು. ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಹೊಟ್ಟೆಯೊಳಗೆ ಒಂದೊಂದೇ ಭಾಗ ಕೂರಿಸಿದಳು. ಯೋಚಿಸಲು ಒಂದು ಪ್ರೊಸೆಸರ್, ನೆನಪಿಗೆ ಒಂದಿಷ್ಟು ಜಾಗ, ಉಸಿರಾಡಲು ಒಂದು ಪುಟ್ಟ ಫ್ಯಾನು. ಆಚೆಯ ಸಾಲಿನಲ್ಲಿದ್ದ ದಪ್ಪ ಲ್ಯಾಪ್‌ಟಾಪುಗಳಿಗೆ ಇನ್ನೊಂದು ವಸ್ತುವನ್ನೂ ಹಾಕುತ್ತಿದ್ದರು. ಅದರ ಹೆಸರು ಗ್ರಾಫಿಕ್ಸ್ ಕಾರ್ಡ್. ಚಿತ್ರ ಬಿಡಿಸುವುದೊಂದೇ ಅದರ ಕೆಲಸ. ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಚಿತ್ರ ಬಿಡಿಸಿ ಎಸೆಯುತ್ತದೆ. ಓಡುವ, ಹಾರುವ, ಗುಂಡು ಹಾರಿಸುವ ಆಟಗಳಿಗೆ ಅದು ಇರಲೇಬೇಕು. ನನಗೆ ಅದನ್ನು ಹಾಕಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಎಲ್ಲರೂ ಎಲ್ಲ ಕೆಲಸಕ್ಕೂ ಹುಟ್ಟುವುದಿಲ್ಲ. ನನ್ನ ಡಬ್ಬಿಯ ಮೇಲೆ ‘ಕಚೇರಿ ಕೆಲಸಕ್ಕೆ’ ಎಂದೇ ಬರೆದಿತ್ತು. ಅದು ನಿಜವೂ ಆಗಿತ್ತು.

ಮೊದಲು ಧಾರವಾಡದ ಒಬ್ಬ ವಕೀಲರ ಕಚೇರಿಗೆ ಬಂದೆ. ಅಲ್ಲಿನ ಟೈಪಿಸ್ಟ್ ವತ್ಸಲಾಬಾಯಿ. ಐದು ವರ್ಷ ಅವರ ಬೆರಳುಗಳ ಕೆಳಗೆ ದುಡಿದೆ. ಮುಂಜಾನೆ ಹತ್ತಕ್ಕೆ ನನ್ನನ್ನು ತೆರೆದು, ಸೆರಗಿನ ತುದಿಯಿಂದ ಪರದೆ ಒರೆಸಿ, ‘ಹೂಂ, ನಡಿಯಪ್ಪಾ’ ಎನ್ನುತ್ತಿದ್ದರು. ನಾನು ನಡೆಯುತ್ತಿದ್ದೆ. ಹೊಲದ ಬದುವಿನ ಜಗಳ, ಗಂಡಹೆಂಡಿರ ಜಗಳ, ಮೋಸ ಹೋದವರ ದೂರು, ಎಲ್ಲವೂ ನನ್ನ ಮೂಲಕವೇ ನ್ಯಾಯಾಲಯಕ್ಕೆ ಹೋದವು. ಒಂದು ಅಕ್ಷರ ನುಂಗಲಿಲ್ಲ, ಒಂದು ಕಾಗದ ಕಳೆಯಲಿಲ್ಲ. ಹಾಗೆ ಬಾಳಿದವನು ನಾನು. ಈ ಮಾತು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ನನ್ನ ಬೆನ್ನಿಗೆ ಸುಳ್ಳು ಅಂಟಿಸಿದವನಿಗೆ ಇದು ಗೊತ್ತಿರಲಿಲ್ಲ.

ವತ್ಸಲಾಬಾಯಿ ನಿವೃತ್ತರಾದರು. ಕಚೇರಿಗೆ ಹೊಸ ಲ್ಯಾಪ್‌ಟಾಪುಗಳು ಬಂದವು. ನನ್ನನ್ನೂ ಇನ್ನೂ ಮೂವರನ್ನೂ ಒಂದೇ ಚೀಲಕ್ಕೆ ತುಂಬಿ ಮಾರಿಬಿಟ್ಟರು. ಕೊಂಡವನು ಗದಗದಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಯ ಸಂದೇಶ.

ಹಳೆಯದನ್ನು ಮಾರುವುದು ತಪ್ಪಲ್ಲ. ಒರೆಸಿ, ಸರಿಮಾಡಿ, ‘ಇದು ಹಳೆಯದು, ಇಷ್ಟು ಕೆಲಸ ಮಾಡುತ್ತದೆ’ ಎಂದು ಹೇಳಿ ಮಾರಿದರೆ ಬಡವರಿಗೂ ಅನುಕೂಲ, ನನ್ನಂಥವರಿಗೂ ಎರಡನೆಯ ಬಾಳು. ಆದರೆ ಸಂದೇಶ ಮಾಡಿದ್ದೇ ಬೇರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಕೀಬೋರ್ಡ್ ಕಿತ್ತ. ಅಕ್ಷರ ಸವೆದಿದ್ದ ಕೀಲಿಗಳವು, ವತ್ಸಲಾಬಾಯಿಯ ಬೆರಳು ಸವೆಸಿದ್ದವು. ಅವನ್ನು ಕಸದ ಬುಟ್ಟಿಗೆ ಹಾಕಿ, ಕೆಂಪು, ಹಸಿರು, ನೀಲಿ ಬಣ್ಣದಲ್ಲಿ ಮಿನುಗುವ ಬೇರೊಂದು ಕೀಬೋರ್ಡ್ ಕೂರಿಸಿದ. ನನ್ನ ಬೆನ್ನಿಗೆ ಕಪ್ಪು ಹಾಳೆ ಸುತ್ತಿ, ಹುಲಿ ಪರಚಿದಂಥ ಮೂರು ಕೆಂಪು ಗೆರೆ ಅಂಟಿಸಿದ. ಅದರ ಕೆಳಗೆ ಹೊಳೆಯುವ ಅಕ್ಷರದ ಒಂದು ಸ್ಟಿಕರ್: ‘ಗೇಮಿಂಗ್’.

ಒಳಗೆ? ಒಳಗೆ ಏನನ್ನೂ ಮುಟ್ಟಲಿಲ್ಲ. ಅದೇ ಪ್ರೊಸೆಸರ್, ಅದೇ ಪುಟ್ಟ ಫ್ಯಾನು. ಧೂಳು ಕೂಡ ಧಾರವಾಡದ್ದೇ.

ನನಗೆ ಬಾಯಿ ಇದ್ದಿದ್ದರೆ ಅಂದೇ ಕೂಗುತ್ತಿದ್ದೆ. ಕಚೇರಿಯ ಗುಮಾಸ್ತನನ್ನು ಹಿಡಿದು ಪೈಲ್ವಾನನ ಚಡ್ಡಿ ಹಾಕಿಸಿ ಅಖಾಡಕ್ಕೆ ತಳ್ಳಿದರೆ ಅವನು ಪೈಲ್ವಾನನಾಗುತ್ತಾನೆಯೇ? ನೆಲಕ್ಕೆ ಬೀಳುವವನು ಅವನು. ನಗುವವರು ಅವನನ್ನು ನೋಡಿಯೇ ನಗುತ್ತಾರೆ. ಚಡ್ಡಿ ಹಾಕಿಸಿದವನನ್ನು ಯಾರೂ ಕೇಳುವುದಿಲ್ಲ.

ಒಂದು ರವಿವಾರ ಮುಂಜಾನೆ ಫಕ್ಕೀರೇಶ ಅಂಗಡಿಗೆ ಬಂದ. ಇಪ್ಪತ್ತೊಂದು ವರ್ಷದ ಹುಡುಗ. ಬೆಟಗೇರಿಯ ಒಂದು ಟೈರ್ ರಿಸೋಲ್ ಅಂಗಡಿಯಲ್ಲಿ ಕೆಲಸ. ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂರಿಸುವ ಕೆಲಸ ಅದು. ಕೈ ಎಷ್ಟು ತೊಳೆದಿದ್ದರೂ ಉಗುರಿನ ಅಂಚು ಕಪ್ಪಾಗಿಯೇ ಇತ್ತು. ಅವನ ಹಿಂದೆ ತಾಯಿ ಗುರುಸಿದ್ಧವ್ವ. ಆಕೆಗೆ ಮೂರು ಎಮ್ಮೆ. ಗದಗದ ನಾಲ್ಕು ಓಣಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಮಗನ ಜೊತೆ ಬಂದಿದ್ದಳು.

“ಗೇಮ್ ಆಡಾಕ ಒಂದ್ ಲ್ಯಾಪ್‌ಟಾಪ್ ಬೇಕಾಗಿತ್ರಿ,” ಎಂದ ಫಕ್ಕೀರೇಶ. “ಭಾಳ ತುಟ್ಟೀದು ಬ್ಯಾಡ್ರಿ. ಆದ್ರ ಐದೈದು ಮಂದಿ ಆಡೂ ಶೂಟಿಂಗ್ ಗೇಮ್ ಓಡಬೇಕ್ರಿ. ನಡುವ ನಿಂದರಬಾರ್ದು.”

ಅವನಿಗೆ ಅದು ಯಾಕೆ ಬೇಕಿತ್ತು ಎಂಬುದು ಅವನು ಮುಂದೆ ಆಡಿದ ಮಾತಿನಿಂದ ನನಗೆ ಅಲ್ಲೇ ತಿಳಿಯಿತು. ಹುಬ್ಬಳ್ಳಿಯಲ್ಲಿ ಅಲ್ಫಿಯಾ ಎಂಬ ಹುಡುಗಿ ಒಂದು ಆಟದ ತಂಡ ಕಟ್ಟುತ್ತಿದ್ದಳು. ನಾಲ್ವರು ಸಿಕ್ಕಿದ್ದರು, ಐದನೆಯವರು ಬೇಕಿತ್ತು. ಫೋನಿನಲ್ಲಿ ಫಕ್ಕೀರೇಶನ ಆಟ ನೋಡಿ ಅವಳೇ ಕರೆದಿದ್ದಳು. ಆದರೆ ತಂಡ ಆಡುವುದು ಫೋನಿನಲ್ಲಲ್ಲ, ಕಂಪ್ಯೂಟರಿನಲ್ಲಿ. ‘ಸ್ವಂತ ಮಷೀನು ತಂದು ಆಡಿ ತೋರಿಸು, ಐದನೆಯ ಜಾಗ ನಿನ್ನದು’ ಎಂದಿದ್ದಳು. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹುಡುಗ. ‘ನೀನು ಬಾ, ನೀನು ಬೇಕು’ ಎಂದು ಅವನಿಗೆ ಜೀವನದಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು.

ಸಂದೇಶ ಅವನ ಉಗುರು ನೋಡಿದ. ಆಕೆಯ ಹಾಲಿನ ಕ್ಯಾನು ನೋಡಿದ. ಆಮೇಲೆ ನನ್ನನ್ನು ಎತ್ತಿ ಮೇಜಿನ ಮೇಲೆ ಇಟ್ಟ.

“ನಸೀಬದಾಂವ ನೀ ತಮ್ಮಾ. ನಿನ್ನೀನ ಬಂದೈತಿ. ಪಕ್ಕಾ ಗೇಮಿಂಗ್. ಹೊಸಾದು ಇದರ ಎರಡ ಪಟ್ಟು ಆಕ್ಕೈತಿ. ಲೈಟ್ ನೋಡ್ ಹೆಂಗ ಬರ್ತಾವ!”

ಕೀಲಿಗಳು ಕೆಂಪಾದವು, ಹಸಿರಾದವು, ನೀಲಿಯಾದವು. ಫಕ್ಕೀರೇಶನ ಕಣ್ಣೂ ಹಾಗೇ ಆದವು.

ಆಗ ಸಂದೇಶ ನನ್ನೊಳಗೆ ಇಟ್ಟಿದ್ದ ಒಂದು ವಿಡಿಯೊ ತೆರೆದು ಪರದೆ ತುಂಬ ಹರಡಿದ. ಯಾರೋ ಎಲ್ಲೋ ಆಡಿದ ಆಟವನ್ನು ಸೆರೆಹಿಡಿದ ವಿಡಿಯೊ ಅದು. ಸಿಪಾಯಿ ಓಡುತ್ತಾನೆ, ಜಿಗಿಯುತ್ತಾನೆ, ಗುಂಡು ಹಾರಿಸುತ್ತಾನೆ. ಸಂದೇಶ ಅದಕ್ಕೆ ಸರಿಯಾಗಿ ನನ್ನ ಕೀಲಿಗಳ ಮೇಲೆ ಬೆರಳು ಕುಣಿಸುತ್ತಿದ್ದ. ತಾನೇ ಆಡುತ್ತಿರುವಂತೆ ಹಲ್ಲು ಕಚ್ಚುತ್ತಿದ್ದ. ‘ಹೋಯ್!’ ಎನ್ನುತ್ತಿದ್ದ. ಸಿನಿಮಾ ತೋರಿಸುವುದು ನನಗೆ ಯಾವ ದೊಡ್ಡ ಕೆಲಸ? ಸಲೀಸಾಗಿ ತೋರಿಸಿದೆ. ಅಷ್ಟು ಸಲೀಸಾಗಿ ತೋರಿಸಿದೆನಲ್ಲ ಎಂದು ಇಂದಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

“ನಾ ಒಂದ್ ಕೈ ಆಡ್ಲೇನ್ರಿ?” ಎಂದು ಕೇಳಿದ ಫಕ್ಕೀರೇಶ.

“ಇದು ಡೆಮೊ ಐತಿ. ಒಯ್ದ ಮ್ಯಾಲೆ ದಿನಾಪೂರ್ತಿ ಆಡು. ಯಾರ್ ಬ್ಯಾಡಂತಾರ?”

ಗುರುಸಿದ್ಧವ್ವ ಮುಂದೆ ಬಂದಳು.

“ಯಪ್ಪಾ, ಎಮ್ಮಿ ಕೊಳ್ಳೂವಾಗ ಮೂರ್ ಹೊತ್ತು ನಾವ ಕುಂತು ಹಾಲ ಹಿಂಡಿ ನೋಡ್ತೀವಿ. ಆಮ್ಯಾಲೆ ಹಗ್ಗಾ ಹಿಡೀತೀವಿ. ಹಂಗ ನಮ್ಮ ಹುಡುಗ ಇಲ್ಲೇ ಮೂರ್ ಸಲ ಆಡಿ ನೋಡ್ಲಿ. ಖರೇ ಇದ್ರ ಒಯ್ತೀವಿ.”

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಸಂದೇಶ ಎಲ್ಲರಿಗಿಂತ ಜೋರಾಗಿ ನಕ್ಕ.

“ಆಯಿ, ಇದು ಹಾಲ ಕೊಡಂಗಿಲ್ಲ. ಕರೆಂಟ್ ಕುಡಿತೈತಿ!”

“ಕುಡೀಲಿ. ಕುಡದು ಏನ್ ಕೊಡ್ತೈತಿ ಅದನ್ನ ನೋಡ್ತೀವಿ.”

ಆ ಅಂಗಡಿಯಲ್ಲಿ ಅಂದು ಆಡಿದ ಮಾತುಗಳಲ್ಲಿ ಸರಿಯಾದ ಮಾತು ಅದೊಂದೇ. ಗ್ರಾಫಿಕ್ಸ್ ಕಾರ್ಡಿನ ಹೆಸರು ಗೊತ್ತಿಲ್ಲದ ಹೆಂಗಸು, ಲ್ಯಾಪ್‌ಟಾಪ್ ಕೊಳ್ಳುವವರೆಲ್ಲ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದಳು. ‘ಹೌದಮ್ಮಾ, ನನ್ನನ್ನು ಹಿಂಡಿ ನೋಡು, ಈಗಲೇ ನೋಡು’ ಎಂದು ನಾನು ಒಳಗೊಳಗೇ ಒದ್ದಾಡಿದೆ. ಫ್ಯಾನು ಒಂದು ಸುತ್ತು ಜೋರಾಗಿ ತಿರುಗಿತು. ಯಾರಿಗೂ ಅರ್ಥವಾಗಲಿಲ್ಲ.

ಫಕ್ಕೀರೇಶನ ಮುಖ ಕೆಂಪಾಗಿತ್ತು. ನಗುತ್ತಿದ್ದವರ ಮೇಲೆ ಬರಬೇಕಾದ ಸಿಟ್ಟು ತಾಯಿಯ ಮೇಲೆ ಬಂತು.

“ಅವ್ವಾ, ಸುಮ್ನಿರಬೇ! ಹೊರಗ ಹೋಗಿ ಕುಂದ್ರು. ನಿನಗ ಇದೆಲ್ಲಾ ತಿಳಿಯಂಗಿಲ್ಲ.”

ಆಕೆ ಕ್ಯಾನು ಎತ್ತಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕುಳಿತಳು. ಗಾಜಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಹತ್ತು ನಿಮಿಷದಲ್ಲಿ ಫಕ್ಕೀರೇಶ ಒಂದೂವರೆ ವರ್ಷದ ಉಳಿತಾಯ ಕೊಟ್ಟು ನನ್ನನ್ನು ಕೊಂಡ.

ಅವರ ಮನೆ ಬೆಟಗೇರಿಯಲ್ಲಿ. ಒಂದು ಕೋಣೆ, ಮುಂದೆ ಎಮ್ಮೆಗಳ ತಗಡಿನ ಕೊಟ್ಟಿಗೆ. ನನ್ನನ್ನು ಒಂದು ಕಬ್ಬಿಣದ ಟ್ರಂಕಿನ ಮೇಲೆ ಇಟ್ಟರು. ಆಟ ನನ್ನೊಳಗೆ ಇಳಿಯಲು ಎರಡು ದಿನ ಹಿಡಿಯಿತು. ಫೋನಿನ ಇಂಟರ್ನೆಟ್ ದಿನಕ್ಕೆ ಇಷ್ಟೇ ಎಂದು ಅಳೆದು ಕೊಡುವಂಥದು. ಒಂದು ದಿನದ ಪಾಲು ಮುಗಿದರೆ ಮರುದಿನದವರೆಗೆ ಕಾಯಬೇಕು. ಅಕ್ಕಪಕ್ಕದ ಗೆಳೆಯರಿಬ್ಬರ ಫೋನಿನ ಪಾಲನ್ನೂ ಸೇರಿಸಿ ಅಂತೂ ಮಂಗಳವಾರ ಸಂಜೆ ಇಳಿಸಿಕೊಂಡ.

ಆಟ ತೆರೆದಾಗಲೇ ನನಗೆ ಏದುಸಿರು ಬಂತು. ಸಿಪಾಯಿ ಒಂದು ಹೆಜ್ಜೆ ಇಟ್ಟರೆ ನಾನು ಅದರ ಚಿತ್ರ ಬಿಡಿಸುವಷ್ಟರಲ್ಲಿ ಅವನು ನಾಲ್ಕನೆಯ ಹೆಜ್ಜೆಯಲ್ಲಿರುತ್ತಿದ್ದ. ಫಕ್ಕೀರೇಶ ಹುಬ್ಬು ಗಂಟಿಕ್ಕಿ, “ನೆಟ್ ಸ್ಲೋ ಐತಿ” ಎಂದುಕೊಂಡ. ಆಮೇಲೆ, “ನನಗ ಕೀಬೋರ್ಡ್ ರೂಢಿ ಇಲ್ಲ” ಎಂದ. ಯಾವ ಮೋಸದಲ್ಲಾದರೂ ನೋಡಿ, ಬಡವನ ಅನುಮಾನ ಮೊದಲು ತನ್ನ ಮೇಲೆಯೇ ಬೀಳುತ್ತದೆ. ಮೋಸಗಾರ ನೆಚ್ಚಿಕೊಂಡಿರುವುದೂ ಅದನ್ನೇ.

ಬುಧವಾರ ಮಧ್ಯಾಹ್ನ ಪರೀಕ್ಷೆಯ ಆಟ. ಫಕ್ಕೀರೇಶ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಅತ್ತ ಹುಬ್ಬಳ್ಳಿಯಿಂದ ಅಲ್ಫಿಯಾಳ ದನಿ.

“ಫಕ್ಕೀರೇಶ್, ಎಡಕ್ ಸರಿ! ಗ್ವಾಡೀ ಹಿಂದ!”

“ಸರದೀನ್ರಿ!”

“ಎಲ್ಲಿ ಸರದಿ? ಅಲ್ಲೇ ನಿಂತೀಯಲ್ಲೋ!”

ಅವನು ಸರಿದಿದ್ದ. ಕೀಲಿ ಒತ್ತಿದ್ದು ನನಗೆ ತಿಳಿದಿತ್ತು. ಚಿತ್ರ ಬಿಡಿಸಲು ಆಗದೆ ನಿಂತವನು ನಾನು. ಅವನು ಎದುರಾಳಿಯನ್ನು ನೋಡುವ ಮೊದಲೇ ಎದುರಾಳಿ ಅವನನ್ನು ಮೂರು ಸಲ ಹೊಡೆದಾಗಿತ್ತು.

“ಯಾರಲೇ ಇಂವಾ, ಲೈಟಿನ ಕಂಬ?” ಎಂದು ಇನ್ನೊಬ್ಬ ಹುಡುಗ ನಕ್ಕಿದ್ದು ಕೇಳಿಸಿತು. “ಇಂವಗೊಂದು ಬಲ್ಬ್ ಹಾಕ್ರೆಪಾ, ಓಣಿಗೆ ಬೆಳಕಾರ ಆಗ್ಲಿ!”

ಫಕ್ಕೀರೇಶ ಹಲ್ಲು ಕಚ್ಚಿ ಆಡಿದ. ನಾನೂ ನನ್ನ ಶಕ್ತಿ ಮೀರಿ ದುಡಿದೆ. ಫ್ಯಾನು ಚೀರಿತು. ಹೊಟ್ಟೆ ಹಂಚಿನಂತೆ ಕಾದು ಕೆಳಗಿನ ಟ್ರಂಕೂ ಬಿಸಿಯಾಯಿತು. ಬಾಗಿಲಲ್ಲಿ ಎಮ್ಮೆಗಳಿಗೆ ಹಿಂಡಿ ಕಲಸುತ್ತಿದ್ದ ಗುರುಸಿದ್ಧವ್ವ ತಲೆಯೆತ್ತಿ, “ಏನೋ ಅದು, ಜ್ವರಾ ಬಂದೈತೇನು?” ಎಂದಳು. ಅಷ್ಟರಲ್ಲಿ ನನ್ನ ಕಣ್ಣು ಕತ್ತಲಾಯಿತು. ಆಟದ ನಡುವೆ ಆರಿಹೋದೆ.

ಸ್ವಲ್ಪ ಹೊತ್ತಿಗೆ ಅಲ್ಫಿಯಾಳ ಫೋನು ಬಂತು. ಫಕ್ಕೀರೇಶ ಬೈಗುಳಕ್ಕೆ ತಯಾರಾಗಿ ಕುಳಿತಿದ್ದ. ಆದರೆ ಆಕೆ ಬೈಯಲಿಲ್ಲ.

“ನಿನ್ನ ಆಟ ನಾ ನೋಡೀನಿ. ಇವತ್ತ ಆಡಿದ್ದು ನೀ ಅಲ್ಲ. ನಿನ್ನ ಮಷೀನ್‌ದಾಗ ಗ್ರಾಫಿಕ್ಸ್ ಕಾರ್ಡ್ ಯಾವುದೈತಿ?”

“ಐತ್ರಿ. ಗೇಮಿಂಗ್ ಅಂತ ಸ್ಟಿಕರ್ ಐತಿ.”

“ಸ್ಟಿಕರ್ ಅಲ್ಲೋ ಮಾರಾಯಾ! ಒಳಗ ಏನೈತಿ ಹೇಳು.”

ಯಾವ ಕೀಲಿ ಒತ್ತಬೇಕು, ಎಲ್ಲಿ ನೋಡಬೇಕು ಎಂದು ಆಕೆ ಹೇಳಿಕೊಟ್ಟಳು. ನನ್ನ ಪರದೆಯ ಮೇಲೆ ನನ್ನ ಜಾತಕ ಬಂತು. ಫಕ್ಕೀರೇಶ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದ. ಓದಿ ಮುಗಿಯುವ ಮೊದಲೇ ಆಕೆ ನಿಟ್ಟುಸಿರು ಬಿಟ್ಟಳು.

“ಕಾರ್ಡ್ ಇಲ್ಲ ಅದರಾಗ. ಟೈಪಿಂಗ್ ಮಾಡೂ ಮಷೀನ್ ಅದು. ನಿನಗ ಟೋಪಿ ಹಾಕ್ಯಾರ. ನೋಡು, ಶನಿವಾರ ಸಂಜಿ ನಾಕಕ್ಕ ಆರಿಸೂ ಕಡೀ ಮ್ಯಾಚ್. ಕೊಪ್ಪಳದಾಂವ ಒಬ್ಬ ಇದ ಜಾಗಾಕ್ಕ ಕಾಯಾಕತ್ತಾನ. ಅಷ್ಟರಾಗ ಮಷೀನ್ ಸಿಕ್ರ ಬಾ. ಇಲ್ಲಂದ್ರ ನನ್ನ ಕೈಯಾಗ ಏನಿಲ್ಲ.”

ಮರುದಿನ ಫಕ್ಕೀರೇಶ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬನೇ ಅಂಗಡಿಗೆ ಹೋದ. ಸಂದೇಶ ನನ್ನನ್ನು ತೆರೆದೂ ನೋಡಲಿಲ್ಲ.

“ಮಷೀನ್ ಚಲೋ ಐತಿ. ನಿನಗ ಓಡಸಾಕ ಬರಂಗಿಲ್ಲ. ಎಷ್ಟನೇತ್ತ ಕಲ್ತಿ?”

“ಎಂಟ್ರಿ.”

“ಮತ್ತ?”

ಅಷ್ಟೇ. ‘ಮತ್ತ?’ ಒಂದು ಶಬ್ದ. ಎಂಟು ಕಲಿತವನಿಗೆ ಏನು ಬೇಕಾದರೂ ಮಾರಬಹುದು, ಅವನು ಮರಳಿ ಕೇಳಲು ಬಂದರೆ ಅದೇ ಎಂಟನ್ನು ಮುಖಕ್ಕೆ ಎಸೆಯಬಹುದು. ಐದು ವರ್ಷ ಮೋಸದ ದೂರುಗಳನ್ನು ಅಚ್ಚುಕಟ್ಟಾಗಿ ಬರೆದವನು ನಾನು. ಇಷ್ಟು ಚಿಕ್ಕ ಶಬ್ದದಲ್ಲಿ ಇಷ್ಟು ದೊಡ್ಡ ಅವಮಾನ ತುಂಬಿದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಫಕ್ಕೀರೇಶನ ಮುಷ್ಟಿ ಬಿಗಿಯಿತು. ಚೀಲ ಎತ್ತಿಕೊಂಡು ಹೊರಟುಬಂದ.

ಮನೆಯಲ್ಲಿ ಗುರುಸಿದ್ಧವ್ವ ಎಮ್ಮೆಯ ಮೈ ತೊಳೆಯುತ್ತಿದ್ದಳು. ಮಗ ಕೊಟ್ಟಿಗೆಯ ಕಂಬಕ್ಕೆ ಒರಗಿ ಎಲ್ಲವನ್ನೂ ಹೇಳಿದ. ಆಕೆ ಕೈ ನಿಲ್ಲಿಸದೆ ಕೇಳಿದಳು.

“ಇದು ಹಾಲ ಬಿಟ್ಟ ಎಮ್ಮೀ ಆಟ ಆತಲ್ಲೋ,” ಎಂದಳು. “ಸಂತಿಗೆ ತರೂ ಹಿಂದಿನ ದಿನಾ ಹಿಂಡಂಗಿಲ್ಲ, ಹಂಗ ಬಿಡ್ತಾರ. ಕೆಚ್ಚಲ ಕೊಡದಂಗ ಕಾಣತೈತಿ. ಮೊದಲನೇ ಹೊತ್ತು ಬರೂದು ಮಾರಾಂವನ ಹಾಲು. ಎರಡನೇ ಹೊತ್ತಿಗೆ ಅರ್ಧಾ ಖರೆ. ಮೂರನೇ ಹೊತ್ತಿಗೆ ಬಂದದ್ದ ಎಮ್ಮೀ ಹಾಲು.”

ಫಕ್ಕೀರೇಶ ನೆಲ ನೋಡುತ್ತ ನಿಂತ. “ಅವ್ವಾ, ಅವತ್ತ ನಿನ್ನ ಹೊರಗ ಕುಂದರಿಸಿದ್ನಲ್ಲಾ...”

“ಕುಂದರಿಸಿದ್ರ ಏನಾತು? ಗಾಳಿ ಚಲೋ ಇತ್ತು. ಆ ಅಂಗಡೀ ತಂಪ್ ಗಾಳಿ ಮಷೀನಿಗಿಂತ ಚಲೋ ಇತ್ತು.” ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಶನಿವಾರ ಮುಂಜಾನಿ ಹಾಲ ಹಾಕಿ ಬರ್ತೀನಿ. ಇಬ್ರೂ ಹೋಗೂಣು. ನೀ ಅಲ್ಲಿ ಬಾಯಿ ಸತ್ತಾಂಗ ನಿಂದ್ರಬ್ಯಾಡ.”

ಶನಿವಾರ ಅಂಗಡಿ ತುಂಬ ಜನ. ಗುರುಸಿದ್ಧವ್ವ ಖಾಲಿ ಕ್ಯಾನನ್ನು ಸೀದಾ ಸಂದೇಶನ ಮೇಜಿನ ಮೇಲೆಯೇ ಇಟ್ಟಳು. ಪಕ್ಕದಲ್ಲಿ ನನ್ನನ್ನು ಇಟ್ಟಳು.

“ಅವತ್ತ ನೀ ಆಡಿ ತೋರಿಸಿದ್ಯಲ್ಲ ಯಪ್ಪಾ, ಇವತ್ತೂ ಆಡಿ ತೋರ್ಸು. ನಮ್ಮ ಹುಡುಗ ಎಂಟ ಕಲ್ತಾಂವ, ಅಂವಗ ಬರಂಗಿಲ್ಲಂತ. ನೀ ಭಾಳ ಕಲ್ತೀ. ನೀ ಓಡಸು.”

“ಆಯಿ, ಗಿರಾಕಿ ಅದಾರ. ಆಮ್ಯಾಲೆ ಬರ್ರಿ.”

“ಅವರೂ ಲ್ಯಾಪ್‌ಟಾಪ್ ತೊಗೊಳಾಕ ಬಂದಾರಲ್ಲ? ಅವರೂ ನೋಡ್ಲಿ.”

ಜನ ತಿರುಗಿ ನೋಡಿದರು. ಸಂದೇಶ ಬೇರೆ ದಾರಿಯಿಲ್ಲದೆ ಆಟ ತೆರೆದ. ಈ ಸಲ ವಿಡಿಯೊ ಅಲ್ಲ, ನಿಜವಾದ ಆಟ. ಅವನ ಬೆರಳು ಕುಣಿದವು. ಸಿಪಾಯಿ ಕುಣಿಯಲಿಲ್ಲ. ಒಂದು ಕಾಲೆತ್ತಿ ನಿಂತೇ ಇದ್ದ. ನಾನು ಸುಳ್ಳಿಗೆ ಮತ್ತೆ ಹೆಗಲು ಕೊಡಲು ಸಿದ್ಧನಿರಲಿಲ್ಲ. ಸಿದ್ಧನಿದ್ದರೂ ನನ್ನಿಂದ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಫ್ಯಾನು ಊಳಿಟ್ಟಿತು. ನಾಲ್ಕೇ ನಿಮಿಷದಲ್ಲಿ ಎಲ್ಲರ ಎದುರು ಆರಿಹೋದೆ. ಸೋತು ಬಿದ್ದೆ ಎಂದು ನನಗೆ ಅಷ್ಟು ಖುಷಿಯಾದದ್ದು ಅದೊಂದೇ ಸಲ.

ಪ್ರಿಂಟರಿನ ಶಾಯಿ ಕೊಳ್ಳಲು ಬಂದಿದ್ದ ಒಬ್ಬ ಟೀಚರಮ್ಮ ಗೋಡೆಯ ಮೇಲಿನ ಇಂಗ್ಲಿಷ್ ಬೋರ್ಡ್ ತೋರಿಸಿದರು.

“ಏಳು ದಿನದಾಗ ಬದಲಿ ಮಾಡಿ ಕೊಡ್ತೀವಿ ಅಂತ ನೀವ ಬರ್ದೀರಲ್ರಿ. ಯಾವತ್ತ ಒಯ್ದಿದ್ಯೋ ತಮ್ಮಾ?”

“ರವಿವಾರ್ರಿ,” ಎಂದ ಫಕ್ಕೀರೇಶ. ಆಮೇಲೆ ಅವನ ಬಾಯಿ ಬಿಚ್ಚಿತು. “ಸಾಹೇಬ್ರ, ನಾ ಟೈರ್ ರಿಸೋಲ್ ಮಾಡಾಂವ. ಹಳೇ ಟೈರಿಗೆ ಹೊಸಾ ರಬ್ಬರ್ ಹಾಕ್ತೀನಿ. ಅದನ್ನ ಹೊಸಾದು ಅಂತ ಕೊಟ್ರ ಗಾಡಿ ಪಲ್ಟಿ ಆಗಿ ಮಂದಿ ಸಾಯ್ತಾರ. ಎಂಟನೇತ್ತ ಕಲ್ತ ನನಗ ಅಷ್ಟು ತಿಳಿತೈತಿ. ನಿಮಗ ಯಾಕ ತಿಳೀಲಿಲ್ರಿ?”

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಸಂದೇಶ ಬೋರ್ಡಿನ ಕಡೆ ಒಮ್ಮೆ ನೋಡಿ, “ಆತು, ಬದ್ಲಿ ಕೊಡ್ತೀನಿ. ಇದ ರೇಟಿನ್ಯಾಗ ಯಾವುದ್ ಬೇಕ ತೊಗೋ,” ಎಂದ. ಹೇಳುತ್ತಲೇ ಹೊಳೆಯುವ ಇನ್ನೊಂದನ್ನು ಮುಂದೆ ತಳ್ಳಿದ. ಅದೂ ನನ್ನ ಹಾಗೆಯೇ, ಅದರ ಬೆನ್ನಿಗೆ ಬೆಂಕಿಯ ಚಿತ್ರ ಅಂಟಿಸಿದ್ದರು ಅಷ್ಟೇ.

ಫಕ್ಕೀರೇಶ ಅದನ್ನು ಮುಟ್ಟಲಿಲ್ಲ. ಅಲ್ಫಿಯಾಗೆ ಫೋನ್ ಹಚ್ಚಿ, ಕೇಳುತ್ತ ಕೇಳುತ್ತ ಒಂದೊಂದರ ಜಾತಕ ತೆರೆಸಿದ. ಮೂರು ಹುಸಿ. ನಾಲ್ಕನೆಯದು ಕೆಳಗಿನ ಹಲಗೆಯಲ್ಲಿತ್ತು. ದಪ್ಪ, ಭಾರ, ಮೂಲೆಯಲ್ಲಿ ಒಡೆದ ಪ್ಲಾಸ್ಟಿಕ್, ಕೀಲಿಗಳಲ್ಲಿ ಒಂದು ಮಿಣುಕು ಬೆಳಕಿಲ್ಲ. ಬ್ಯಾಟರಿ ಮುಕ್ಕಾಲು ಸತ್ತಿತ್ತು, ಸದಾ ವೈರು ಚುಚ್ಚಿಯೇ ಇರಬೇಕು. ನೋಡಲು ಚೆನ್ನಾಗಿಲ್ಲವೆಂದು ಯಾರೂ ಕೊಂಡಿರಲಿಲ್ಲ. ಅದರ ಜಾತಕ ಓದಿದಾಗ ಅಲ್ಫಿಯಾ ಫೋನಿನಲ್ಲೇ ಕೂಗಿದಳು: “ಹಾಂ! ಇದರಾಗ ಕಾರ್ಡ್ ಐತಿ! ಹಳೇದೈತಿ, ಖರೇ ಐತಿ!”

“ಹಂಗಾರ ಇಲ್ಲೇ ಆಡಿ ನೋಡ್ತಾನ,” ಎಂದಳು ಗುರುಸಿದ್ಧವ್ವ. “ಈಗೊಂದು, ಊಟದ ಹೊತ್ತಿಗೊಂದು, ನಾಕಕ್ಕೊಂದು. ಮೂರ್ ಹೊತ್ತು.”

“ದಿನಾಪೂರ್ತಿ ಅಂಗಡ್ಯಾಗ ಕುಂದರ್ತೀರೇನು?”

“ಎಮ್ಮಿ ಮಾರಾಂವ ಮೂರ್ ಹೊತ್ತು ನಮ್ಮನ್ನ ಕುಂದರಿಸಿಕೊಂಡು ಊಟಾ ಹಾಕ್ತಾನಪ್ಪ. ನಿನ್ನ ಊಟಾ ನಮಗ ಬ್ಯಾಡ. ನೀ ಕುರ್ಚಿ ಕೊಡು ಸಾಕು.”

ಜನರೆದುರು ಇಲ್ಲ ಎನ್ನಲಾಗದೆ ಅವನು ಕುರ್ಚಿ ಕೊಟ್ಟ. ಅಂಗಡಿಯ ಇಂಟರ್ನೆಟ್ಟಿನಲ್ಲಿ ಆಟ ಅರ್ಧ ಗಂಟೆಯಲ್ಲಿ ಇಳಿಯಿತು. ನನ್ನನ್ನು ಯಾರೂ ಎತ್ತಿಡಲಿಲ್ಲ. ಹಾಗಾಗಿ ಎಲ್ಲವನ್ನೂ ಪಕ್ಕದಲ್ಲೇ ಕುಳಿತು ನೋಡಿದೆ. ಮುಂಜಾನೆಯ ಆಟದಲ್ಲಿ ಆ ದಪ್ಪ ಮಷೀನು ಕೆಮ್ಮಿತು, ಆದರೆ ನಿಲ್ಲಲಿಲ್ಲ. ಗುರುಸಿದ್ಧವ್ವ ನಡುವೆ ಎದ್ದು ಬೆಟಗೇರಿಗೆ ಹೋಗಿ ಎಮ್ಮೆಗಳಿಗೆ ನೀರು ಕುಡಿಸಿ, ರೊಟ್ಟಿ ಕಟ್ಟಿಕೊಂಡು ಬಂದಳು. ಮಧ್ಯಾಹ್ನದ ಆಟವೂ ಸಲೀಸು. ಸಂಜೆ ನಾಲ್ಕಕ್ಕೆ ಆಡಿದ್ದು ಕೊನೆಯ ಪಂದ್ಯವನ್ನೇ.

ನಾನು ಹೊಟ್ಟೆಕಿಚ್ಚು ಪಟ್ಟೆನೇ? ಪಟ್ಟೆ. ಸುಳ್ಳು ಹೇಳುವುದಿಲ್ಲ. ಅದೇ ಹುಡುಗ, ಅದೇ ಬೆರಳು. ಅವನು ಎಡಕ್ಕೆ ಎಂದರೆ ಸಿಪಾಯಿ ಎಡಕ್ಕೆ. ಗೋಡೆಯ ಹಿಂದಿನಿಂದ ಒಮ್ಮೆ ಇಣುಕಿದ, ಒಬ್ಬ ಬಿದ್ದ. ಮೆಟ್ಟಿಲ ಕೆಳಗೆ ಉಸಿರು ಬಿಗಿಹಿಡಿದು ಕುಳಿತ, ಇಬ್ಬರು ಬಿದ್ದರು. ಬುಧವಾರ ನಕ್ಕಿದ್ದ ಹುಡುಗನೇ, “ಅಬಬಬಾ, ಕಂಬಕ್ಕ ಕಾಲ ಬಂದ್ವಲೇ!” ಎಂದು ಕೂಗಿದ. ಅಂಗಡಿಯ ಗಿರಾಕಿಗಳು ಕೊಳ್ಳುವುದನ್ನು ಮರೆತು ಅವನ ಬೆನ್ನ ಹಿಂದೆ ಗುಂಪುಗೂಡಿದರು. ಆ ಪಂದ್ಯವನ್ನು ಅವನ ತಂಡ ಗೆಲ್ಲಲಿಲ್ಲ, ಒಂದೇ ಸುತ್ತಿನಿಂದ ಸೋತಿತು. ಆದರೆ ಮುಗಿದ ಮೇಲೆ ಅಲ್ಫಿಯಾ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಸೋಮವಾರದಿಂದ ಪ್ರಾಕ್ಟೀಸ್. ಆರಕ್ಕ. ತಡಾ ಮಾಡಿದ್ರ ಒದಿತೀನಿ.”

ಫಕ್ಕೀರೇಶ ತಾಯಿಯ ಕಡೆ ತಿರುಗಿದ. ಆಕೆ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಕುಳಿತಷ್ಟು ಹೊತ್ತೂ ಮಗನ ಮುಖವನ್ನೇ ನೋಡುತ್ತಿದ್ದಳು ಎಂದು ನನಗೆ ಮಾತ್ರ ಗೊತ್ತು.

“ಸೋತ್ರಿ ಏನೋ?” ಎಂದಳು.

“ಮ್ಯಾಚ್ ಸೋತ್ವಿ ಅವ್ವಾ. ನಾ ಆರಿಸಿ ಬಂದ್ನಿ.”

“ಹಂಗಾರ ಕಟ್ಟು ಇದನ್ನ. ಹಿಂಡೂ ಹೊತ್ತಾತು, ಎಮ್ಮಿ ಒದರಾಕತ್ತಿರತಾವ.”

ಹೊರಡುವ ಮೊದಲು ಫಕ್ಕೀರೇಶ ನನ್ನ ಕಡೆ ನೋಡಿದ. ನನ್ನನ್ನೂ ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. “ಇದನ್ನೇನ್ ಮಾಡ್ತೀರಿ?” ಎಂದು ಸಂದೇಶನನ್ನು ಕೇಳಿದ.

“ಯಾರರ ಒಯ್ತಾರ ಬಿಡು.”

ಫಕ್ಕೀರೇಶನ ಉಗುರು ನನ್ನ ಬೆನ್ನಿನ ಸ್ಟಿಕರಿನ ಅಂಚಿಗೆ ಬಿತ್ತು. ಸರ್ರನೆ ಎಳೆದ. ‘ಗೇಮಿಂಗ್’ ಎಂಬ ಅಕ್ಷರಗಳು ಮುದುಡಿ ನೆಲಕ್ಕೆ ಬಿದ್ದವು. ಅವನು ಜೇಬಿನಿಂದ ಒಂದು ಹಳದಿ ಬಣ್ಣದ ಕಡ್ಡಿ ತೆಗೆದ. ಟೈರಿನ ಮೇಲೆ ಗುರುತು ಹಾಕುವ ಮೇಣದ ಕಡ್ಡಿ ಅದು. ಮಳೆಗೂ ಹೋಗುವುದಿಲ್ಲ, ತಿಕ್ಕಿದರೂ ಹೋಗುವುದಿಲ್ಲ. ಅವನ ಅಂಗಡಿಯಲ್ಲಿ ಪ್ರತಿ ಟೈರಿನ ಮೇಲೂ ಅದರ ನಿಜವನ್ನು ಬರೆದೇ ಹೊರಗೆ ಕಳಿಸುತ್ತಾರಂತೆ. ನಾಲಗೆ ಕಚ್ಚಿ, ಶಾಲೆಯ ಹುಡುಗನಂತೆ ದಪ್ಪ ದಪ್ಪ ಅಕ್ಷರದಲ್ಲಿ ನನ್ನ ಬೆನ್ನ ಮೇಲೆ ಬರೆದ:

‘ಬರೀ ಟೈಪಿಂಗಿಗೆ. ಆಟ ಓಡಂಗಿಲ್ಲ.’

“ಏಯ್, ಏನ್ ಮಾಡ್ತೀಲೇ!” ಎಂದು ಸಂದೇಶ ಮೇಲೆದ್ದ. ಅಷ್ಟರಲ್ಲಿ ತಾಯಿಮಗ ಗಾಜಿನ ಬಾಗಿಲು ದಾಟಿಯಾಗಿತ್ತು.

ಆಮೇಲೆ ಅವನು ಸ್ಪಿರಿಟ್ ಹಾಕಿ ಉಜ್ಜಿದ, ಬ್ಲೇಡಿನಿಂದ ಕೆರೆದ. ಸುತ್ತಿದ್ದ ಕಪ್ಪು ಹಾಳೆಯನ್ನೇ ಕಿತ್ತ. ಅದು ಬರುವಾಗ ಚೂರುಚೂರಾಗಿ ಅರ್ಧ ನನ್ನ ಮೈಯಲ್ಲೇ ಉಳಿಯಿತು. ಅಕ್ಷರಗಳಿದ್ದ ಕಡೆ ಹಾಳೆ ಏಳಲೇ ಇಲ್ಲ. ಬೇಸತ್ತು ನನ್ನನ್ನು ಮೂಲೆಯ ಹಲಗೆಗೆ ತಳ್ಳಿದ. ಈಗ ಅಲ್ಲೇ ಇದ್ದೇನೆ. ವಯಸ್ಸಾಗಿದೆ. ಪರದೆ ಮಡಚುವ ಕೀಲು ಸಡಿಲಾಗಿದೆ. ನನ್ನ ಬಣ್ಣದ ಕೀಬೋರ್ಡನ್ನೂ ಕಿತ್ತು ಇನ್ನೊಬ್ಬ ಬಡಪಾಯಿಗೆ ಹಾಕಿದ್ದಾನೆ. ಅವನಿಗೂ ಒಂದು ವಿಡಿಯೊ ತುಂಬಿದ್ದಾನೆ. ನನ್ನ ಸಿಟ್ಟು ಆರಿಲ್ಲ. ಆರುವುದೂ ಇಲ್ಲ.

ನಾನು ಅಶಕ್ತ ಎಂದು ನನಗೆ ನಾಚಿಕೆಯಿಲ್ಲ. ಪತ್ರ ಬರೆಯುವುದು, ಅರ್ಜಿ ಬರೆಯುವುದು ಕೀಳು ಕೆಲಸವಲ್ಲ. ಬರುವ ಕೆಲಸವನ್ನು ಮುಚ್ಚಿಟ್ಟು, ಬಾರದ ಕೆಲಸದ ಹೆಸರಿನಲ್ಲಿ ನನ್ನನ್ನು ಮಾರಿದರಲ್ಲ, ಅದು ಕೀಳು. ಹಾಗೆ ಮಾಡಿದ್ದರಿಂದ ಒಬ್ಬ ಹುಡುಗ ಎರಡು ದಿನ ತನ್ನ ಕೈಗಳನ್ನೇ ಅನುಮಾನಿಸಿದ. ಆ ಎರಡು ದಿನಕ್ಕೆ ಯಾವ ಅಂಗಡಿಯಲ್ಲೂ ಬದಲಿ ಸಿಗುವುದಿಲ್ಲ.

ನಿನ್ನೆ ಮುಂಜಾನೆ ಕಾಲೇಜಿನ ಹುಡುಗಿಯೊಬ್ಬಳು ಬಂದಿದ್ದಳು. ಗೇಮಿಂಗ್ ಲ್ಯಾಪ್‌ಟಾಪ್ ಬೇಕಂತೆ, ತೀರಾ ತುಟ್ಟಿ ಬೇಡವಂತೆ. ಸಂದೇಶ ಬೆಂಕಿಯ ಚಿತ್ರದವನನ್ನು ಮೇಜಿನ ಮೇಲಿಟ್ಟು ದೀಪ ಹೊತ್ತಿಸಿದ. ಹುಡುಗಿಯ ಕಣ್ಣು ಮಾತ್ರ ಮೂಲೆಯ ಹಲಗೆಗೆ ಬಂತು. ಹಳದಿ ಅಕ್ಷರಗಳನ್ನು ತುಟಿ ಅಲುಗಿಸುತ್ತ ಓದಿದಳು. ಆಮೇಲೆ ಬೆಂಕಿಯವನನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ಅಣ್ಣಾರ, ಅದರ ಮ್ಯಾಲೆ ಏನ್ ಆಗಂಗಿಲ್ಲ ಅಂತ ಬರದೈತಿ. ಇದರ ಮ್ಯಾಲೆ ಯಾಕ ಬರ್ದಿಲ್ರಿ?”

ಸಂದೇಶ ದೀಪದ ಬಣ್ಣ ಬದಲಾಯಿಸುತ್ತಲೇ ಇದ್ದ. ಹುಡುಗಿ ಕುರ್ಚಿ ಎಳೆದುಕೊಂಡು ಅವನ ಎದುರೇ ಕುಳಿತಳು.